ಕರುಳಿನ ಔಷಧಕ್ಕೆ ಮುನ್ನ ಯಕೃತ್ತಿನ ಪರೀಕ್ಷೆ

ಕುಣಿಗಲ್ ತಾಲ್ಲೂಕಿನ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಮೂವತ್ತು ವಯಸ್ಸಿನ ಮಗನಿಗೆ ರಕ್ತಭೇದಿ ತಿಂಗಳುಗಟ್ಟಲೆ ಕಾಡಿ, ತುಮಕೂರಿನಲ್ಲಿ ತೋರಿಸಿದಾಗ ಅದು ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪೊರೆಯಲ್ಲಿ ಹುಣ್ಣುಗಳೇಳುವ ದೀರ್ಘಕಾಲದ ಕಾಯಿಲೆ ಎಂದು ತಿಳಿಯಿತಂತೆ. "ಹೊಸ ಔಷಧಕ್ಕೆ ಮೊದಲು ಹೆಪಟೈಟಿಸ್-ಬಿ ಪರೀಕ್ಷೆ ಬರೆದಿದ್ದಾರೆ. ಮಗನಿಗೆ ಕಾಮಾಲೆಯೇ ಆಗಿಲ್ಲ. ಇದು ವ್ಯರ್ಥ ಖರ್ಚಲ್ಲವೇ? ಸೊಸೆ ಗರ್ಭಿಣಿ, ಏನೆಂದುಕೊಂಡಾಳು?" ಎಂಬುದು ಅವರ ಪ್ರಶ್ನೆ.

ತಾಯಿ, ಆ ಖರ್ಚು ವ್ಯರ್ಥವಲ್ಲ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ಶಕ್ತಿಯು ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಸ್ಟಿರಾಯ್ಡ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಮೊದಲಾದ ಔಷಧಗಳು ಆ ಶಕ್ತಿಯನ್ನು ಅಡಗಿಸುತ್ತವೆ. ಆದರೆ ಯಕೃತ್ತಿನಲ್ಲಿ ಹೆಪಟೈಟಿಸ್-ಬಿ ವೈರಾಣು ಅಡಗಿದ್ದರೆ, ಅದನ್ನು ಹದ್ದುಬಸ್ತಿನಲ್ಲಿಟ್ಟಿರುವುದೂ ಅದೇ ಶಕ್ತಿ. ಕಾವಲುಗಾರ ನಿದ್ರಿಸಿದರೆ ವೈರಾಣು ಏಳುತ್ತದೆ. ಕೆಲವೊಮ್ಮೆ ಯಕೃತ್ತು ಸಂಪೂರ್ಣ ಕೈಕೊಟ್ಟು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಸೋಂಕುಳ್ಳ ಅನೇಕರಿಗೆ ಒಮ್ಮೆಯೂ ಕಣ್ಣು ಹಳದಿಯಾಗಿರುವುದಿಲ್ಲ. ಭಾರತದಲ್ಲಿ ಈ ಸೋಂಕಿರುವವರು ಸುಮಾರು 2.98 ಕೋಟಿ ಎಂಬುದು 2022ನೆಯ ವರ್ಷಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಆದ್ದರಿಂದ ವೈರಾಣುವಿನ ಮೇಲ್ಮೈ ಅಂಶದ ಪರೀಕ್ಷೆಯೊಂದೇ ಸಾಲದು. ಹಳೆಯ ಸೋಂಕಿನ ಗುರುತಾದ 'ಕೋರ್' ಪ್ರತಿಕಾಯವನ್ನೂ, ಹೆಪಟೈಟಿಸ್-ಸಿಯನ್ನೂ ನೋಡಬೇಕು. ಸೋಂಕು ಕಂಡರೂ ಕರುಳಿನ ಚಿಕಿತ್ಸೆ ನಿಲ್ಲಬೇಕಾಗಿಲ್ಲ. ಅಗತ್ಯವಿದ್ದರೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆಯ ರಕ್ಷಣೆಯಲ್ಲಿ ಅದನ್ನು ಮುಂದುವರಿಸುತ್ತಾರೆ. ಈ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಬಹಳ ಅಪಾಯ. ಸೋಂಕಿಲ್ಲದಿದ್ದರೆ ಲಸಿಕೆ: ಸಾಮಾನ್ಯವಾಗಿ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ರಕ್ಷಣಾ ಶಕ್ತಿ ಕುಗ್ಗಿದ ಮೇಲೆ ಲಸಿಕೆ ಅಷ್ಟಾಗಿ ಹಿಡಿಯದು. ಸಾಧ್ಯವಾದಷ್ಟು ಮುಂಚೆಯೇ ಹಾಕಿಸುವುದು ಲೇಸು.

ಗುಬ್ಬಿ, ಕುಣಿಗಲ್ ಕಡೆಯ ಹಿರಿಯರಿಗೆ ಕಾಮಾಲೆ ಎಂದೊಡನೆ ನೆಲನೆಲ್ಲಿ ನೆನಪಾಗುತ್ತದೆ. ಅದನ್ನು ನಾನು ಹಗುರವಾಗಿ ಕಾಣುವವನಲ್ಲ. 1988ರಲ್ಲಿ ಮದರಾಸಿನ ಸಂಶೋಧಕರು, ಈ ವೈರಾಣುವನ್ನು ಕಂಡುಹಿಡಿದ ನೊಬೆಲ್ ಪುರಸ್ಕೃತ ಬ್ಲೂಮ್‌ಬರ್ಗ್ ಅವರೊಡಗೂಡಿ, ಆ ಗಿಡದಿಂದ ಗುಣ ಕಂಡಿತೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಮುಂದಿನ ಪ್ರಯೋಗಗಳಲ್ಲಿ ಆ ಫಲ ದೊರೆಯಲಿಲ್ಲ. ನೀರಿನಿಂದ ಹರಡುವ ಎ ಮತ್ತು ಇ ಬಗೆಯ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಕರುಳಿನ ಔಷಧ ಸೇವಿಸುತ್ತಿರುವವರ ಕಣ್ಣು ಹಳದಿಯಾದರೆ ರಸ ಕುಡಿಸುತ್ತ ದಿನ ಕಳೆಯಬಾರದು.

ಇನ್ನು ಸೊಸೆಯ ವಿಷಯ. ಈ ಸೋಂಕು ರಕ್ತದಿಂದ, ದಾಂಪತ್ಯ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಒಂದೇ ಪಂಕ್ತಿಯಲ್ಲಿ ಉಂಡರೆ ಅಲ್ಲ. ಮಗನಿಗಿದ್ದರೆ ಅದು ಅವನ ನಡತೆಗೆ ಸಾಕ್ಷಿಯೂ ಅಲ್ಲ, ಶೈಶವದಲ್ಲೇ ಬಂದಿರಬಹುದು. ಆಕೆಯಿಂದ ಮುಚ್ಚಿಡಬೇಡಿ. ಗರ್ಭಿಣಿಯರ ತಪಾಸಣೆಯಲ್ಲಿ ಈ ಪರೀಕ್ಷೆಯೂ ಸೇರಿದೆ. ಆಗಿದೆಯೇ ಎಂದು ಕೇಳಿ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ಆಕೆಗೆ ಸೋಂಕಿದ್ದರೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಗಳು ಉಚಿತ. ಖರ್ಚಿನ ಚಿಂತೆಯಿದ್ದರೆ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಕರುಳಿನ ಕಾಯಿಲೆಯ ಚೀಟಿಗಳನ್ನೂ ಕೊಂಡೊಯ್ಯಿರಿ.