ಊರು ಖಾಲಿ ಮಾಡಿದವರು ಯಾರು?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಪುರಾಣ: ಹೊರಗಿನವರು ಬಂದು ಅಮೆರಿಕದ ಮಿಡ್‌ವೆಸ್ಟ್ ಹಾಳಾಯಿತಂತೆ. ಬರೆದವರು ಕೊಲಂಬಸ್‌ನಲ್ಲಿರುವ ನೆಂಟರು. ಅವರೇನು ಹೊರಗಿನವರೇ? ಓಹಿಯೊದ ಮಣ್ಣಿನಲ್ಲೇ ಮೊಳೆತವರಿರಬೇಕು.

ಅವರ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಸ್ಪ್ರಿಂಗ್‌ಫೀಲ್ಡ್. 1960ರಲ್ಲಿ ಅಲ್ಲಿದ್ದವರು 82 ಸಾವಿರಕ್ಕೂ ಹೆಚ್ಚು. 2020ರ ಜನಗಣತಿಯಲ್ಲಿ 58,662. ಕಡಿಮೆಯಾದ ಈ 24 ಸಾವಿರ ಜನರನ್ನು ಓಡಿಸಿದ ಹೈಟಿಯ ವಲಸಿಗ ಯಾರು, ಹೇಳಿ ನೋಡೋಣ! ಹೈಟಿಯವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದೇ ಆ ಗಣತಿಯ ನಂತರ. ಅಷ್ಟರಲ್ಲಿ ಕಾರ್ಖಾನೆಯ ಕೆಲಸಗಳು ಕರಗಿ, ಊರು ಅರ್ಧ ಶತಮಾನ ಸೋರಿಯಾಗಿತ್ತು. ಬಂದವರು ಗೋದಾಮುಗಳಲ್ಲಿ ಪಾಳಿ ಹಿಡಿದರು. ಅವರಿಗೆ ಸಿಕ್ಕಿದ ಬಹುಮಾನ, ಅವರು ನಾಯಿ ತಿನ್ನುತ್ತಾರೆಂದು 2024ರ ಸೆಪ್ಟೆಂಬರ್ 10ರ ಅಧ್ಯಕ್ಷೀಯ ಚುನಾವಣಾ ಚರ್ಚೆಯಲ್ಲಿ ಟ್ರಂಪ್ ಹೇಳಿದ ಸುಳ್ಳು. ಮುಂದಿನ ದಿನಗಳಲ್ಲಿ ಶಾಲೆಗಳಿಗೆ ಬಾಂಬ್ ಬೆದರಿಕೆ. ಅದೇ ಊರಲ್ಲಿ ಹುಟ್ಟಿದ, ಟ್ರಂಪ್ ಪಕ್ಷದವರೇ ಆದ ಗವರ್ನರ್ ಮೈಕ್ ಡಿವೈನ್, ಇವರು ಕಾನೂನುಬದ್ಧವಾಗಿ ಬಂದ ದುಡಿಮೆಗಾರರು ಎಂದರೂ ಕೇಳುವವರಿಲ್ಲ. 'ನಾವು ವೀಸಾ ಪಡೆದು ಹೋದವರಪ್ಪಾ' ಎನ್ನುವ ನಮ್ಮವರಂತೂ ಕೇಳುವುದೇ ಇಲ್ಲ.

ಇದು ಓಹಿಯೊದ ಕಥೆಯಷ್ಟೇ ಅಲ್ಲ. ಮಿಡ್‌ವೆಸ್ಟ್‌ನದೇ ಇನ್ನೊಂದು ರಾಜ್ಯ ಅಯೋವಾದ 99 ಕೌಂಟಿಗಳಲ್ಲಿ 68 ಕೌಂಟಿಗಳು 2010ರಿಂದ 2020ರೊಳಗೆ ಜನ ಕಳೆದುಕೊಂಡವು. ಅದೇ ರಾಜ್ಯದ ಪೋಸ್ಟ್‌ವಿಲ್, ಎರಡು ಸಾವಿರ ಚಿಲ್ಲರೆ ಜನರ ಊರು. 2008ರ ಮೇ 12ರಂದು ವಲಸೆ ಅಧಿಕಾರಿಗಳು ಅಲ್ಲಿನ ಮಾಂಸದ ಕಾರ್ಖಾನೆಗೆ ಹೆಲಿಕಾಪ್ಟರ್ ಸಮೇತ ದಾಳಿ ಮಾಡಿ 389 ವಲಸಿಗ ಕಾರ್ಮಿಕರನ್ನು ಹಿಡಿದರು. ಅವರನ್ನು ಕೂಡಿಹಾಕಿದ್ದು ವಾಟರ್ಲೂ ಪಟ್ಟಣದ ದನಗಳ ಪ್ರದರ್ಶನ ಮೈದಾನದಲ್ಲಿ. ಹೆಂಡಿರು ಮಕ್ಕಳು ಚರ್ಚಿನಲ್ಲಿ ಅವಿತುಕೊಂಡರು. ಅದೇ ವರ್ಷ ಕಾರ್ಖಾನೆ ದಿವಾಳಿ. ಊರು ಶುದ್ಧವಾಯಿತಲ್ಲ, ಸಂತೋಷವೇ?

ಇಲ್ಲೇನು ಕಡಿಮೆಯೇ? ಕೊಡಗಿನ ತೋಟದಲ್ಲಿ ಕಾಫಿ ಕೊಯ್ಯಲು ಅಸ್ಸಾಮಿನವರು ಬೇಕು. ಭಾನುವಾರ ಸಂತೆಯಲ್ಲಿ ಅವರು ಎದುರಾದರೆ 'ಎಲ್ಲಿಂದ ಬಂದವೋ' ಎಂಬ ಗೊಣಗು. ಸ್ವಂತ ಮಕ್ಕಳು ಬೆಂಗಳೂರಲ್ಲಿ, ಮೊಮ್ಮಕ್ಕಳು ಡಲ್ಲಾಸ್‌ನಲ್ಲಿ. ತೋಟದ ಮನೆಗೆ ಬೀಗ. ಆ ಬೀಗ ಹಾಕಿದ್ದು ಅಸ್ಸಾಮಿನವನಲ್ಲ.

ನಿಮಗೂ ಆ ಫಾರ್ವರ್ಡ್ ಬಂದರೆ ವಾದಕ್ಕಿಳಿಯಬೇಡಿ. 58,662 ಎಂದಷ್ಟೇ ಬರೆದು ಕಳಿಸಿ. ನಾನು ನಿನ್ನೆ ಕಳಿಸಿದೆ. ಗುಂಪಿನಿಂದ ತೆಗೆದುಹಾಕಿದ್ದಾರೆ.