ಅಸೈನ್‌ಮೆಂಟೂ ಕೊನೇ ರಾತ್ರಿಯೂ

ಕೊಟ್ಟಿದ್ದು ತಿಂಗಳ ಹಿಂದೆ, ಬರೆಯೋದು ಕೊನೇ ರಾತ್ರಿ. ಕಾಲೇಜು ಹುಡುಗರ ಅಸೈನ್‌ಮೆಂಟ್ ಅಂದ್ರೆ ಇಷ್ಟೇ ಅಂತ ಬೈಯೋದು ಸುಲಭ. ಆದ್ರೆ ಆ ಒಂದು ತಿಂಗಳಲ್ಲಿ ಯಾವಾಗ ಏನು ಮಾಡಬೇಕು ಅಂತ ಅವರಿಗೆ ಯಾರಾದ್ರೂ ಹೇಳಿಕೊಟ್ಟಿದ್ದಾರಾ?

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಲೈಬ್ರರಿಯವರು ಇದಕ್ಕೆಂದೇ 'ಅಸೈನ್‌ಮೆಂಟ್ ಕ್ಯಾಲ್ಕ್ಯುಲೇಟರ್' ಮಾಡಿದರು. ಶುರು ಮಾಡೋ ದಿನ, ಒಪ್ಪಿಸೋ ದಿನ ತುಂಬಿದರೆ ಸಾಕು. ವಿಷಯ ಅರ್ಥ ಮಾಡಿಕೊಳ್ಳೋದು, ಪ್ರಶ್ನೆ ಗಟ್ಟಿ ಮಾಡಿಕೊಳ್ಳೋದು, ಪುಸ್ತಕ-ಲೇಖನ ಹುಡುಕೋದು, ಮೊದಲ ಕರಡು, ತಿದ್ದೋದು.. ಒಂದೊಂದಕ್ಕೂ ಒಂದೊಂದು ತಾರೀಖು. ಒಳಗಿರೋದು ದಿನಗಳನ್ನು ಹಂಚೋ ಸಾದಾ ಲೆಕ್ಕ. ಆದ್ರೆ ಬರೆಯೋದಕ್ಕೆ ಮುಂಚೆ ಎಷ್ಟೊಂದು ಕೆಲಸ ಇದೆ ಅನ್ನೋದು ಒಂದೇ ನೋಟಕ್ಕೆ ಕಾಣುತ್ತೆ.

ಹುಡುಕಿದ್ದನ್ನು ಕೂಡಿಡೋಕೆ ಝೊಟೆರೊ ಇದೆ. 2006ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಪುಕ್ಕಟೆ. ಯೂನಿಕೋಡ್ ಕನ್ನಡದಲ್ಲೇ ತುಂಬಬಹುದು. ಲೇಖಕರ ಹೆಸರಿಗೆ ಎರಡು ಖಾನೆ ತೋರಿಸಿದಾಗ 'ಕುವೆಂಪು'ವನ್ನು ಎಲ್ಲಿ ಮುರಿಯೋದಪ್ಪಾ ಅಂತ ಗಾಬರಿ ಬೇಡ, ಒಂದೇ ಖಾನೆ ಮಾಡಿಕೊಳ್ಳೋಕೂ ಬರುತ್ತೆ. ಓದೋಕೆ ಇನ್‌ಫ್ಲಿಬ್‌ನೆಟ್‌ನವರ ಶೋಧಗಂಗಾ ಇದೆ, ಕನ್ನಡದ ಪಿಎಚ್‌ಡಿ ಪ್ರಬಂಧಗಳೂ ಅಲ್ಲಿ ಸಿಗುತ್ತವೆ.

ಇಷ್ಟೆಲ್ಲ ಇದ್ದೂ ಕೊನೇ ರಾತ್ರಿ ಹಾಗೇ ಉಳಿದಿದೆ. ನನ್ನ ಪ್ರಕಾರ ಕಾರಣ ಸೋಮಾರಿತನ ಒಂದೇ ಅಲ್ಲ. ನಾವು ಕೇಳೋದೇ ಕೊನೆಯ ಪ್ರತಿಯನ್ನ, ಅವರು ತರೋದೂ ಅದನ್ನೇ. ಹಿಂದೆ ಸೀನಿಯರ್‌ಗಳ ಪ್ರತಿ ಜೆರಾಕ್ಸ್ ಅಂಗಡಿಯಿಂದ ಬರ್ತಿತ್ತು; 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಅಂಗಡಿಗೆ ಹೋಗೋ ಶ್ರಮವೂ ತಪ್ಪಿತು.

ಅದೇ ಮೇಷ್ಟ್ರು ಎರಡನೇ ವಾರ "ನಿನ್ನ ಪ್ರಶ್ನೆ ಏನಪ್ಪಾ?" ಅಂತ ಕೇಳಲಿ, ಮೂರನೇ ವಾರ "ಏನು ಓದಿದೆ, ಎಲ್ಲಿ ಅನುಮಾನ ಬಂತು?" ಅಂತ ಕೇಳಲಿ. ಇಂಟರ್ನಲ್ ಮಾರ್ಕ್ಸಿನಲ್ಲಿ ಸ್ವಲ್ಪ ಇದಕ್ಕೂ ಇಡಲಿ. ಆಗ ಆ ತಾರೀಖುಗಳಿಗೆ ಬೆಲೆ ಬರುತ್ತೆ. ಎಂಬತ್ತು ಜನರ ಕ್ಲಾಸಿನಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಆದ್ರೆ ಒಬ್ಬೊಬ್ಬರಿಂದ ನಾಲ್ಕು ಸಾಲು ಬರೆಸಿಕೊಂಡರೂ ಸಾಕು. ಕೊನೆಗೆ ಎಂಬತ್ತು ಒಂದೇ ಥರದ ಪ್ರಬಂಧ ಓದೋದು ಅದಕ್ಕಿಂತ ದೊಡ್ಡ ಶಿಕ್ಷೆ ಅಲ್ವೇ?

ತಾರೀಖು ಹಂಚೋ ಇಂಥ ಲೆಕ್ಕವನ್ನು ಕನ್ನಡದಲ್ಲಿ ಒಂದು ಸ್ಪ್ರೆಡ್‌ಶೀಟಿನಲ್ಲೇ ಮಾಡಬಹುದು. ಕಂಪ್ಯೂಟರ್ ಬಲ್ಲ ಬ್ಲಾಗಿಗರೂ, ಪಾಠ ಮಾಡೋ ಬ್ಲಾಗಿಗರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಇಬ್ಬರೂ ಒಟ್ಟಿಗೆ ಒಂದು ಭಾನುವಾರ ಕೂತರೆ ಹೇಗೆ? ಏನಂತೀರಿ?