ಪಕ್ಕದ ಮೇಜಿನ ಪರಿಚಯ

ಕಾಲೇಜಿನಲ್ಲಿ ಒಬ್ಬರ ಮೇಲೆ ಮನಸ್ಸಾಗಿ ಅದು ಕೈಗೂಡದಿದ್ದರೆ ಬೆಂಚು ಬದಲಿಸಿ ಕೂರಬಹುದು. ಎರಡು ಸೆಮಿಸ್ಟರ್ ಕಳೆದರೆ ಇಬ್ಬರ ದಾರಿಯೂ ಬೇರೆ. ಕೆಲಸಕ್ಕೆ ಸೇರಿದ ಮೇಲೆ ಹಾಗಲ್ಲ. ನಿಮ್ಮಿಂದ ತಪ್ಪಿಸಿಕೊಳ್ಳಬೇಕಾದರೆ ಆಕೆ ಸಂಬಳವನ್ನೇ ಬಿಟ್ಟು ಹೋಗಬೇಕಾದೀತು. ಕೊನೆಯ ಪರೀಕ್ಷೆ ಬರೆದು ಕೆಲಸಕ್ಕೆ ಹೊರಟವರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು.

ಹಾಗೆಂದು ಆಫೀಸಿನಲ್ಲಿ ಯಾರನ್ನೂ ಮೆಚ್ಚಬೇಡಿ ಎಂದು ನಾನು ಹೇಳಲಾರೆ. ದಿನಕ್ಕೆ ಎಂಟೊಂಬತ್ತು ಗಂಟೆ ಒಂದೇ ಸೂರಿನಡಿ ಇರುವವರಿಗೆ ಅದು ಸಹಜ. ನಿಜ ಹೇಳಬೇಕೆಂದರೆ, ಉಪ್ಪಿಟ್ಟು-ಕೇಸರಿಬಾತಿನ ತಟ್ಟೆಯ ಮುಂದೆ ಅರ್ಧ ಗಂಟೆ ಕೂತು ನೋಡುವುದಕ್ಕಿಂತ ಮನುಷ್ಯರು ಇಲ್ಲಿ ಚೆನ್ನಾಗಿ ಕಾಣುತ್ತಾರೆ. ಟೀ ತಂದುಕೊಡುವವರನ್ನು ಹೇಗೆ ಕರೆಯುತ್ತಾರೆ? ಲೆಕ್ಕ ತಪ್ಪಿದಾಗ ಒಪ್ಪಿಕೊಳ್ಳುತ್ತಾರೋ, ಪಕ್ಕದವರ ಕಡೆ ಬೆರಳು ತೋರಿಸುತ್ತಾರೋ? ರಜೆಯಲ್ಲಿದ್ದವರ ಬಗ್ಗೆ ಊಟದ ಹೊತ್ತಿನಲ್ಲಿ ಏನು ಮಾತಾಡುತ್ತಾರೆ? ತಿಂಗಳ ಕೊನೆಗೆ ಕೈಸಾಲ ಪಡೆದು ಒಂದನೇ ತಾರೀಖು ಮರೆಯುತ್ತಾರೆಯೇ? ಇದನ್ನೆಲ್ಲ ತಿಳಿಯಲು ಪ್ರೇಮಪತ್ರ ಬೇಡ, ಮೂರು-ನಾಲ್ಕು ತಿಂಗಳ ತಾಳ್ಮೆ ಸಾಕು. ನಾಲ್ಕು ಜನರ ನಡುವೆ ಡಬ್ಬಿ ಬಿಚ್ಚಿ ಕೂತಾಗ ಆದ ಪರಿಚಯ, ಇಬ್ಬರೇ ಸಿನಿಮಾಕ್ಕೆ ಹೋಗಿ ಆದ ಪರಿಚಯಕ್ಕಿಂತ ಗಟ್ಟಿ.

ಆಮೇಲೆ ಕೇಳುವುದು. ಒಮ್ಮೆ ಮಾತ್ರ, ನೇರವಾಗಿ. "ಭಾನುವಾರ ಕಾಫಿಗೆ ಬರುತ್ತೀರಾ? ಆಗದಿದ್ದರೆ ಬೇಸರವೇನಿಲ್ಲ" ಎಂದರಾಯಿತು. 'ನೋಡೋಣ', 'ಮನೆಯಲ್ಲಿ ಕೆಲಸವಿದೆ' ಎಂಬ ಉತ್ತರ ಬಂದರೆ ಅದೂ 'ಇಲ್ಲ' ಎಂದೇ ಅರ್ಥ. ನಮ್ಮ ಜನ ಮುಖದ ಮೇಲೆ 'ಇಲ್ಲ' ಎನ್ನುವುದು ಕಡಿಮೆ. ಹಿಂದೆ ಬಿದ್ದು ಒಲಿಸಿಕೊಳ್ಳುವುದು ಸಿನಿಮಾದ ನಾಯಕನಿಗೆ ಸರಿಹೋದೀತು, ಆಫೀಸಿನಲ್ಲಿ ಅದು ಕಿರುಕುಳ. ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ಮಾರ್ಗಸೂಚಿ ನೀಡಿತು. 2013ರಲ್ಲಿ ಕಾಯಿದೆಯೇ ಬಂತು. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಲೈಂಗಿಕ ಕಿರುಕುಳಕ್ಕೆ ಒಳಗಾದ ಮಹಿಳೆ 3 ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ತರಬೇತಿಗೆಂದು ಬಂದ ವಿದ್ಯಾರ್ಥಿನಿಗೂ ಈ ರಕ್ಷಣೆಯುಂಟು. ಕೇಳುವವರು ಮೇಲಧಿಕಾರಿಯಾಗಿದ್ದರಂತೂ ಕಷ್ಟ. ರಜೆ, ಬಡ್ತಿ ಅವರ ಕೈಯಲ್ಲಿರುವಾಗ 'ಹೂಂ' ಎಂದದ್ದು ಮನಸ್ಸಿನಿಂದಲೋ ಭಯದಿಂದಲೋ ಹೇಗೆ ತಿಳಿಯುವುದು? ಅಂಥವರು ಮೊದಲು ವಿಭಾಗ ಬದಲಿಸಿಕೊಳ್ಳಲಿ.

ಇನ್ನು ತಂದೆ-ತಾಯಿ. ಮಗಳು ರಾತ್ರಿ ಊಟದ ಹೊತ್ತಿಗೆ ಒಂದೇ ಹೆಸರನ್ನು ಮೂರು ಸಲ ಹೇಳಿದರೆ ನಿಮಗೆ ಗೊತ್ತಾಗಿಯೇ ಆಗುತ್ತದೆ. ಥಟ್ಟನೆ ಬಾಯಿಗೆ ಬರುವ ಪ್ರಶ್ನೆ, "ಯಾವ ಜನ?" ಅದನ್ನು ಕೇಳಿದ ದಿನದಿಂದ ಆ ಹೆಸರು ಮನೆಯಲ್ಲಿ ಕೇಳಿಸುವುದಿಲ್ಲ. ನಾಳೆ ಇನ್ನೊಬ್ಬ ಗೇಟಿನ ಬಳಿ ಕಾದು ಕಾಡುತ್ತಿದ್ದರೆ ಅದೂ ನಿಮ್ಮ ಕಿವಿಗೆ ಬೀಳುವುದಿಲ್ಲ. 'ಕೆಲಸ ಬಿಟ್ಟು ಮನೆಯಲ್ಲಿರು' ಎನ್ನುತ್ತೀರೆಂಬ ಭಯ ಅವಳಿಗೆ. ಅದರ ಬದಲು "ಕೆಲಸದಲ್ಲಿ ಹೇಗಮ್ಮ ಆತ?" ಎಂದು ಕೇಳಿ ನೋಡಿ. ಅನ್ನ ಆರಿಹೋದರೂ ಮಾತು ಮುಗಿಯದು!